ಬೀಳು ನೆಲ ಒಡೆದವರು

ಚರಿತ್ರೆಯ ಪಾಠಗಳಲ್ಲಿ ಕೋಟೆ ಕಟ್ಟಿದವರ ಹೆಸರು ಬರುತ್ತದೆ, ಕೆರೆ ಕಟ್ಟಿಸಿದವರ ಹೆಸರು ಬರುತ್ತದೆ, ಕಾಲುವೆ ತೋಡಿಸಿದ ಸರಕಾರದ ಹೆಸರೂ ಬರುತ್ತದೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಆ ಪಾಠಗಳನ್ನು ಮಕ್ಕಳಿಗೆ ಹೇಳಿಕೊಟ್ಟವನು ನಾನು. ಒಂದು ಬೀಳು ನೆಲಕ್ಕೆ ಮೊತ್ತಮೊದಲು ಗುದ್ದಲಿ ಹಾಕಿ, ಅದರ ಹುಲ್ಲಿನ ಬೇರು ಕಿತ್ತು, ಕಲ್ಲು ಆರಿಸಿ, ಅದಕ್ಕೆ ಹೊಲವೆಂಬ ಹೆಸರು ಬರುವಂತೆ ಮಾಡಿದವರ ಹೆಸರು ಮಾತ್ರ ಯಾವ ಪಠ್ಯಪುಸ್ತಕದಲ್ಲಿಯೂ ನನಗೆ ಸಿಗಲಿಲ್ಲ. ಗೋಕಾಕದಿಂದ ಮೂಡಲಗಿಯ ಕಡೆಗೆ ಹೋಗುವ ರಸ್ತೆಯ ಎರಡೂ ಬದಿಯಲ್ಲಿ ಇಂದು ಕಣ್ಣು ಹಾಯುವಷ್ಟು ದೂರ ಕಬ್ಬು, ಗೋವಿನಜೋಳ, ಅರಿಸಿನ ಕಾಣುತ್ತವೆ. ಈ ಹಸಿರು ತಾನಾಗಿಯೇ ಬಂದಿತೆಂದು ನಮ್ಮ ಮೊಮ್ಮಕ್ಕಳು ತಿಳಿದುಕೊಂಡರೆ ಅವರನ್ನು ದೂರುವಂತಿಲ್ಲ. ಹೇಳಬೇಕಾದವರು ನಾವು.

ಈ ಬರಹಕ್ಕೆ ಎರಡು ಕಾರಣಗಳಿವೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಅಲ್ಲಿಯ ಸ್ಥಳೀಯ ಆಡಳಿತದವರು ತರಕಾರಿ ಬೆಳೆಯಲು ಒಂದು ತುಂಡು ನೆಲವನ್ನು ಬಾಡಿಗೆಗೆ ಕೊಟ್ಟಿದ್ದಾರೆ. ವರ್ಷಗಟ್ಟಲೆ ಯಾರೂ ಮುಟ್ಟದೆ ಹುಲ್ಲು ಬೆಳೆದ ಆ ನೆಲವನ್ನು ಈ ವಸಂತದಲ್ಲಿ ಅವನು ಅಗೆಯತೊಡಗಿದ್ದಾನೆ. “ಸರ, ನಮ್ಮ ಹಿರಿಯರು ಕರಿಕೆ ಹ್ಯಾಂಗ ತಗೀತಿದ್ರು, ಬರದು ಕಳಸ್ರಿ” ಎಂದು ಕೇಳಿದ್ದಾನೆ. ಎರಡನೆಯದು, ನಮ್ಮ ಮನೆತನದ ಹೊಲದ ಕೆಳಭಾಗದ 14 ಗುಂಟೆಯನ್ನು ಏನು ಮಾಡಬೇಕೆಂಬ ಮಾತು ನಮ್ಮ ಬಂಧುಗಳಲ್ಲಿ ನಡೆದಿದೆ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಮಣ್ಣಿನ ಮಾತು. ನಮ್ಮ ಮೂರು ತಾಲ್ಲೂಕುಗಳಲ್ಲಿ, ಎಂದರೆ ಗೋಕಾಕ, ಅದರಿಂದ ಇತ್ತೀಚೆಗೆ ಬೇರ್ಪಟ್ಟ ಮೂಡಲಗಿ ಮತ್ತು ಪಶ್ಚಿಮದ ಹುಕ್ಕೇರಿಗಳಲ್ಲಿ, ಮುಖ್ಯವಾಗಿ ಎರಡು ಬಗೆಯ ನೆಲವಿದೆ. ನದಿಯ ಬಯಲಿನಲ್ಲಿ ಎರೆ, ಗುಡ್ಡದ ಮಗ್ಗುಲಲ್ಲಿ ಮಸಾರಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹಿಂಗಾರಿಯ ಬಿಳಿಜೋಳ, ಕಡಲೆ ಕಟಾವಾಗಿ ಶಿವರಾತ್ರಿ ಕಳೆದ ಮೇಲೆ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳು ಬೀಳುತ್ತವೆ. ಮೇಲಿನ ಪುಡಿಮಣ್ಣು ಆ ಬಿರುಕುಗಳಿಗೆ ಉದುರಿ ಕೆಳಕ್ಕೆ ಸೇರುತ್ತದೆ. ಎರೆಹೊಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎಂದು ಕೃಷಿ ವಿಜ್ಞಾನಿಗಳು ಹೇಳುವುದು ಇದೇ ಕಾರಣಕ್ಕೆ.

ಹಾಗಾದರೆ ಅದನ್ನು ಅಗೆಯುವುದೇಕೆ? ಉತ್ತರ ಒಂದೇ ಶಬ್ದದಲ್ಲಿದೆ: ಕರಿಕೆ. ಗಣಪತಿಯ ಪೂಜೆಗೆ ನಾವು ಭಕ್ತಿಯಿಂದ ಏರಿಸುವ ಗರಿಕೆಯೇ ಹೊಲದಲ್ಲಿ ಒಕ್ಕಲಿಗನ ದೊಡ್ಡ ವೈರಿ. ಮೇಲೆ ಕಾಣುವುದು ನಾಲ್ಕು ಬೆರಳು ಹುಲ್ಲು. ಅದರ ಕೆಳಗೆ ಗಂಟುಗಂಟಾದ ಬಿಳಿಯ ಬೇರುಕಾಂಡಗಳು ಹಗ್ಗದಂತೆ ಹೆಣೆದುಕೊಂಡು ಒಂದು ಮೊಳಕ್ಕಿಂತಲೂ ಆಳಕ್ಕೆ ಇಳಿದಿರುತ್ತವೆ. ಕಟ್ಟಿಗೆಯ ರಂಟೆ ಹೊಡೆದರೆ ಅವು ತುಂಡಾಗುತ್ತವೆ. ಒಂದೊಂದು ತುಂಡಿನಲ್ಲಿಯೂ ಒಂದು ಗಂಟು ಉಳಿದಿದ್ದರೆ ಸಾಕು, ಮಳೆ ಬಿದ್ದೊಡನೆ ಅದು ಹೊಸ ಗಿಡವಾಗುತ್ತದೆ. ಹೀಗೆ ಉತ್ತವನೇ ಕರಿಕೆಯನ್ನು ಬಿತ್ತಿದಂತಾಗುತ್ತದೆ. ಆದುದರಿಂದ ಕರಿಕೆ ಹಬ್ಬಿದ ನೆಲವನ್ನು ಕೈಯಿಂದ ಆಳವಾಗಿ ಅಗೆದು, ಹೆಂಟೆಗಳನ್ನು ಬೇರು ಮೇಲಾಗುವಂತೆ ಮಗುಚಿ, ಬೇಸಿಗೆಯ ಬಿಸಿಲಿಗೆ ಒಡ್ಡುವುದೊಂದೇ ದಾರಿಯಾಗಿತ್ತು.

ಕೆಲಸಕ್ಕೆ ವಸಂತವನ್ನೇ ಆರಿಸಿಕೊಳ್ಳುವುದರಲ್ಲಿಯೂ ವಿವೇಕವಿದೆ. ಯುಗಾದಿಯ ಹೊತ್ತಿಗೆ ಹೊಲ ಬರಿದಾಗಿರುತ್ತದೆ, ಎತ್ತು ಮತ್ತು ಆಳು ಎರಡಕ್ಕೂ ಬಿಡುವಿರುತ್ತದೆ. ಚೈತ್ರ ವೈಶಾಖದ ಬಿಸಿಲು ಎತ್ತಿಹಾಕಿದ ಬೇರುಗಳನ್ನು ಸುಟ್ಟು ಒಣಗಿಸುತ್ತದೆ. ಅಶ್ವಿನಿ, ಭರಣಿಯ ಅಡ್ಡ ಮಳೆ ಒಂದು ಸಲ ಬಿದ್ದರೆ ಕಲ್ಲಿನಂತಿದ್ದ ಹೆಂಟೆಗಳು ತಾವೇ ಅರಳಿ ಪುಡಿಯಾಗುತ್ತವೆ. ಆಮೇಲೆ ಕುಂಟೆ ಹೊಡೆದು, ಉಳಿದ ಬೇರು ಆರಿಸಿ ಗುಡ್ಡೆ ಹಾಕಿ ಸುಟ್ಟರೆ ಮಿರಗದ ಮಳೆಗೆ ಹೊಲ ಸಿದ್ಧ. ನನ್ನ ವಿದ್ಯಾರ್ಥಿಗೆ ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ: ನಿನ್ನ ಊರಿನ ಬಿಸಿಲನ್ನು ನಂಬಬೇಡ. ಅಗೆದ ಬೇರನ್ನು ಅಲ್ಲಿಯೇ ಬಿಡದೆ ಒಂದೊಂದಾಗಿ ಆರಿಸಿ ಹೊರಗೆ ಹಾಕು.

ಇನ್ನು ಈ ಕೆಲಸದ ತೂಕವೆಷ್ಟು? ಮುಂಬಯಿ ಪ್ರಾಂತ್ಯದ ಮೋಜಣಿಯವರು ನಮ್ಮ ಭಾಗದಲ್ಲಿ ಬಳಸಿದ್ದು 33 ಅಡಿಯ ಸರಪಳಿ. ಆ ಸರಪಳಿಯಷ್ಟು ಉದ್ದ, ಅಷ್ಟೇ ಅಗಲದ ಚೌಕವೇ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಒಂದು ಗುಂಟೆಯನ್ನು ಒಂದು ಅಡಿ ಆಳ ಅಗೆದರೆ 1,089 ಘನ ಅಡಿ ಮಣ್ಣು ಮಗುಚಿದಂತಾಯಿತು. ಮಣ್ಣಿನ ಕೆಲಸದವರ ಲೆಕ್ಕದಲ್ಲಿ 100 ಘನ ಅಡಿಗೆ ಒಂದು ಬ್ರಾಸ್. ಆದುದರಿಂದ ಗುಂಟೆಗೆ ಸುಮಾರು 11 ಬ್ರಾಸ್. ತೂಕದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ 40 ಟನ್. ಒಂದು ಎಕರೆ ಹೊಲ ಅಗೆಯುವುದೆಂದರೆ 1,600 ಟನ್ ಮಣ್ಣನ್ನು ಗುದ್ದಲಿಯ ಮೇಲೆ ಎತ್ತಿ ಮಗುಚುವುದು. ಗಣಿತದ ಅವಧಿಯಲ್ಲಿ ಈ ಲೆಕ್ಕ ಮಾಡಿಸಿದಾಗ ಹುಡುಗರು ಉತ್ತರ ತಪ್ಪಿರಬೇಕೆಂದು ಮತ್ತೊಮ್ಮೆ ಗುಣಿಸಿ ನೋಡುತ್ತಿದ್ದರು.

ಇಂಗ್ಲೆಂಡಿನ ತುಂಡು ನೆಲದ ಲೆಕ್ಕವೂ ಇದೇ ಸರಪಳಿಯ ಬಂಧು. 1908ರ ಕಾಯಿದೆಯೊಂದು ಜನರು ಕೇಳಿದರೆ ಇಂಥ ನೆಲ ಒದಗಿಸುವುದು ಸ್ಥಳೀಯ ಆಡಳಿತದ ಹೊಣೆ ಎಂದು ಅಲ್ಲಿ ವಿಧಿಸಿತು. ಒಂದು ಕುಟುಂಬಕ್ಕೆ ರೂಢಿಯಲ್ಲಿ ಬಂದ ಅಳತೆ 10 ಚದರ ರಾಡ್. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ನಮ್ಮ ಮೋಜಣಿ ಸರಪಳಿಯ ಸರಿಯಾದ ಅರ್ಧ. ಹೀಗಾಗಿ 10 ಚದರ ರಾಡ್ ಎಂದರೆ ನಿಖರವಾಗಿ ಎರಡೂವರೆ ಗುಂಟೆ. ನಮ್ಮ ಹುಡುಗನ ಪಾಲಿಗೆ ಬಂದಿರುವುದು 100 ಟನ್ ಮಣ್ಣಿನ ಕೆಲಸ. ಅವಸರ ಮಾಡದೆ ದಿನಕ್ಕೆ ಒಂದೆರಡು ಸಾಲು ಅಗೆದರೆ ಸಾಕು.

ನಮ್ಮಲ್ಲಿ ಈ ಕೆಲಸಕ್ಕೆ ಹೆಸರಾದವರು ವಡ್ಡರು, ಇಂದು ಭೋವಿ ಎಂದು ಕರೆಯಲ್ಪಡುವ ಸಮಾಜದವರು. ಊರಿಂದ ಊರಿಗೆ ಹೋಗುತ್ತ ಕೆರೆ ತೋಡಿದವರು, ಬಾವಿ ಇಳಿಸಿದವರು, ರೈಲ್ವೆಯ ದಿಬ್ಬ ಹಾಕಿದವರು ಅವರೇ. ಅಗೆದ ತಗ್ಗಿನ ನಡುವೆ ಮೂಲ ನೆಲದ ಎತ್ತರ ತೋರಿಸುವ ಒಂದು ಮಣ್ಣಿನ ಕಂಬವನ್ನು ಅವರು ಹಾಗೆಯೇ ಬಿಡುತ್ತಿದ್ದರು. ಅಳತೆಗೆ ಬಂದವನು ಆ ಕಂಬದ ಎತ್ತರ ನೋಡಿ ಕೆಲಸದ ಲೆಕ್ಕ ಹಾಕಬೇಕು. ಅಳತೆ ಮುಗಿದ ಮೇಲೆ ಆ ಕಂಬವನ್ನೂ ಒಡೆದುಹಾಕುತ್ತಿದ್ದರು. ಅಷ್ಟು ಜನರ ದುಡಿಮೆಗೆ ಇದ್ದ ಸಾಕ್ಷಿ ಅದೊಂದೇ, ಅದೂ ಕೂಲಿ ಬಟವಾಡೆಯ ದಿನದವರೆಗೆ ಮಾತ್ರ.

ಹಳೆಯ ಕಾಲದ ಮಾತು ಬಂದಾಗ ಹುಕ್ಕೇರಿಯನ್ನು ನೆನೆಯಬೇಕು. ಆ ಊರಿನ ಹೆಸರಿನಲ್ಲಿ ಹೂವು ಇದೆಯೆಂದೂ, ಅಲ್ಲಿಯ ಗುಲಾಬಿ ವಿಜಾಪುರದ ಆದಿಲಶಾಹಿ ಅರಸರಿಗೆ ಹೋಗುತ್ತಿತ್ತೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಕಾಲದ ಗುಮ್ಮಟಗಳೂ ನೀರಿನ ಕಾರಂಜಿಯ ವ್ಯವಸ್ಥೆಯೂ ಹುಕ್ಕೇರಿಯಲ್ಲಿವೆ. ಗುಮ್ಮಟದಲ್ಲಿ ಮಲಗಿದವರು ಯಾರೆಂದು ಪ್ರವಾಸಕ್ಕೆ ಹೋದ ಮಕ್ಕಳು ಕೇಳುತ್ತಾರೆ. ಗುಲಾಬಿಯ ಮಡಿ ಅಗೆದವರು ಯಾರೆಂದು ಒಮ್ಮೆ ಒಬ್ಬ ಹುಡುಗಿ ಕೇಳಿದಳು. ಮೂವತ್ತು ವರ್ಷಗಳ ಸೇವೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಪ್ರಶ್ನೆ ಅದು.

19ನೆಯ ಶತಮಾನದ ನಡುವೆ, 1840ರ ದಶಕದಲ್ಲಿ, ವಿಂಗೇಟ್ ಎಂಬ ಅಧಿಕಾರಿಯ ಮುಂದಾಳುತನದಲ್ಲಿ ನಮ್ಮ ಭಾಗದ ಹೊಲಗಳ ಮೋಜಣಿ ನಡೆಯಿತು. ಹೊಲಹೊಲಕ್ಕೂ ನಂಬರು ಬಿತ್ತು, ಮೂಲೆಗಳಿಗೆ ಕಲ್ಲು ಬಿದ್ದವು, ಮಣ್ಣಿನ ಗುಣಕ್ಕೆ ಆಣೆಯ ಲೆಕ್ಕದಲ್ಲಿ ಬೆಲೆ ಕಟ್ಟಿದರು. ಮುಂದೆ 1876ರಿಂದ 1878ರವರೆಗೆ ಬಿದ್ದದ್ದು ಧಾತು ಈಶ್ವರ ಸಂವತ್ಸರಗಳ ಮಹಾ ಬರ. ನಂಬರು ಬಿದ್ದ ಎಷ್ಟೋ ಹೊಲಗಳು ಉಳುವ ಎತ್ತೂ ಉಳುವ ಮನುಷ್ಯನೂ ಇಲ್ಲದೆ ಮತ್ತೆ ಬೀಳಾದವು. ಎರಡು ಮೂರು ವರ್ಷ ಬಿಟ್ಟ ಎರೆಹೊಲವನ್ನು ಕರಿಕೆ ಸುಮ್ಮನೆ ಬಿಡುವುದಿಲ್ಲ. ಬರ ಕಳೆದು ಬದುಕಿ ಉಳಿದವರು ತಮ್ಮದೇ ಹೊಲವನ್ನು ಹೊಸ ನೆಲದಂತೆ ಅಗೆಯಬೇಕಾಯಿತು. 1883ರ ಭೂಸುಧಾರಣಾ ಸಾಲದ ಕಾಯಿದೆ ಮತ್ತು ಮರುವರ್ಷದ ರೈತರ ಸಾಲದ ಕಾಯಿದೆ ಬಂದದ್ದು ಆ ಬರದ ನಂತರ. ನಮ್ಮ ಹಿರಿಯರ ಬಾಯಲ್ಲಿದ್ದ ‘ತಗಾವಿ’ ಸಾಲವೆಂದರೆ ಇದೇ.

ಅದೇ ದಶಕಗಳಲ್ಲಿ ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಬಿದ್ದು ಗೋಕಾಕ ಕಾಲುವೆ ಹೊರಟಿತು. ಗೋಕಾಕ ಜಲಪಾತದ ಬಳಿ ನೀರಿನ ಬಲದಿಂದ ನೂಲಿನ ಗಿರಣಿ 1887ರಲ್ಲಿ ಆರಂಭವಾಯಿತು. ಮುಂದೆ ಘಟಪ್ರಭಾ ಯೋಜನೆಯಲ್ಲಿ ಎಡದಂಡೆ ಕಾಲುವೆಯನ್ನು ಹಂತಹಂತವಾಗಿ ಉದ್ದಗೊಳಿಸಿ 109 ಕಿಲೋಮೀಟರಿಗೆ ಮುಟ್ಟಿಸಿದರು. ಕಾಲುವೆಯ ಚರಿತ್ರೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಆದರೆ ಕಾಲುವೆಯ ತೂಬಿನಿಂದ ನೀರು ಹೊರಬಂದೊಡನೆ ಹೊಲ ನೀರಾವರಿಯಾಗುವುದಿಲ್ಲ. ಮಳೆಯ ಹೊಲಕ್ಕೆ ಇಳಿಜಾರು ಇರುತ್ತದೆ. ಕಾಲುವೆಯ ನೀರಿಗೆ ಸಮತಟ್ಟು ನೆಲ ಬೇಕು. ದಿಬ್ಬ ಕಡಿದು ತಗ್ಗಿಗೆ ತುಂಬಬೇಕು, ಮಡಿ ಕಟ್ಟಬೇಕು, ಬೋದು ಎತ್ತಬೇಕು, ಹೊಲಗಾಲುವೆ ತೋಡಬೇಕು. ಎಡದಂಡೆಯ ಉದ್ದಕ್ಕೂ ಸಾವಿರಾರು ಎಕರೆ ನೆಲದಲ್ಲಿ ಈ ಕೆಲಸ ಮಾಡಿದವರು ಆಯಾ ಹೊಲದವರು. ಇಡೀ ಯೋಜನೆಯ ಅರ್ಧ ಮಣ್ಣನ್ನಾದರೂ ಅವರು ಕಡಿದಿರಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಮ್ಮ ಹೊಲಕ್ಕೆ ನೀರು ಬಂದಾಗ ನಾನು ಇನ್ನೂ ಚಡ್ಡಿ ಹಾಕುವ ಹುಡುಗ. ಕೆಳಭಾಗದ ಆ 14 ಗುಂಟೆ ಅಲ್ಲಿಯವರೆಗೆ ದನ ಮೇಯುವ ಬೀಳಾಗಿತ್ತು. ಮುತ್ಯಾ, ಆಯಿ, ಅಪ್ಪ ಮತ್ತು ಇಬ್ಬರು ಕಾಕಾಗಳು ಸೇರಿ ಎರಡು ಬೇಸಿಗೆ ಅದನ್ನು ಅಗೆದರು. ಗಟ್ಟಿ ಆಳಿಗೂ ಒಂದು ಗುಂಟೆಗೆ ಹತ್ತು ಹನ್ನೆರಡು ದಿನ ಹಿಡಿಯುತ್ತಿತ್ತು. ಬೆಳಗಿನ ನಸುಕಿನಲ್ಲಿ ಶುರುಮಾಡಿ ಬಿಸಿಲೇರುವ ಮೊದಲು ಮುಗಿಸಿ, ಇಳಿಹೊತ್ತಿಗೆ ಮತ್ತೆ ಹಿಡಿಯುತ್ತಿದ್ದರು. ಗಂಡಸರು ಗುದ್ದಲಿ ಹಾಕಿ ಹೆಂಟೆ ಎಬ್ಬಿಸಿದಂತೆಲ್ಲ ಆಯಿ ಹಿಂದೆ ಕುಳಿತು ಬೇರು ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದಳು. ನನ್ನ ಕೆಲಸ ನೀರಿನ ಬಿಂದಿಗೆ ಕಾಯುವುದು, ಬೇರಿನ ಬುಟ್ಟಿ ಬದುವಿಗೆ ಒಯ್ಯುವುದು. ಸಣ್ಣ ತುಂಡೊಂದು ನನ್ನ ಬುಟ್ಟಿಯಿಂದ ಜಾರಿ ಬಿದ್ದರೆ ಮುತ್ಯಾ ಕರೆದು ತೋರಿಸುತ್ತಿದ್ದ. “ತಮ್ಮಾ, ಒಂದು ಗೇಣು ಬೇರು ಬಿಟ್ರ ಮುಂದಿನ ವರ್ಷ ಅದು ನಮ್ಮನ್ನ ಹೊಲಾ ಬಿಡಸತೈತಿ” ಎನ್ನುತ್ತಿದ್ದ. ಎರಡನೆಯ ಬೇಸಿಗೆ ಮುಗಿದಾಗ ಬದುವಿನಲ್ಲಿ ಒಣಬೇರಿನ ಗುಡ್ಡೆ ಆಳೆತ್ತರ ಆಗಿತ್ತು. ಅದಕ್ಕೆ ಬೆಂಕಿ ಹಚ್ಚಿದ ರಾತ್ರಿ ಆಯಿ ಅಲ್ಲಿಯೇ ಕುಳಿತು ಕೊನೆಯ ಕಿಡಿ ಆರುವವರೆಗೆ ಎದ್ದು ಬರಲಿಲ್ಲ.

ಇಷ್ಟು ಕಷ್ಟಕ್ಕೆ ಉಪಾಯ ಹುಡುಕಿದವರೂ ನಮ್ಮ ಜಿಲ್ಲೆಯಲ್ಲಿಯೇ ಇದ್ದರು. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಅವರು ಮೊದಲು ಮೇವು ಕತ್ತರಿಸುವ ಯಂತ್ರವನ್ನೂ, 20ನೆಯ ಶತಮಾನದ ಆರಂಭದಲ್ಲಿ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಟ್ಟಿಗೆಯ ರಂಟೆ ಮಣ್ಣನ್ನು ಸೀಳುತ್ತದೆ. ಕಬ್ಬಿಣದ ನೇಗಿಲಿನ ಬಾಗಿದ ಹಲಗೆ ಸೀಳಿದ ಮಣ್ಣನ್ನು ಬುಡಮೇಲಾಗಿ ಮಗುಚುತ್ತದೆ. ಗುದ್ದಲಿ ಮಾಡುವ ಕೆಲಸ ಅದೇ ತಾನೆ! ಆದರೆ ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ಜನ ಅಂಜಿದರು. ಮೊದಲ ನೇಗಿಲುಗಳು ಕೊಳ್ಳುವವರಿಲ್ಲದೆ ಬಹುಕಾಲ ಹಾಗೆಯೇ ಬಿದ್ದಿದ್ದವು. ಕಿರ್ಲೋಸ್ಕರರು ಮುಂದೆ ಔಂಧ ಸಂಸ್ಥಾನದ ಅರಸರು ಕೊಟ್ಟ ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಆ ನೆಲವೂ ಬೀಳೇ. ನೇಗಿಲು ಮಾಡುವವರಿಗೂ ಮೊದಲು ನೆಲ ಹಸನು ಮಾಡಿಕೊಳ್ಳುವ ಕೆಲಸ ತಪ್ಪಲಿಲ್ಲ.

ಕಬ್ಬಿಣದ ನೇಗಿಲು ಬಂದ ಮೇಲೂ ಊರಿನ ಕಂಬಾರರ ಕುಲುಮೆ ಆರಲಿಲ್ಲ. ಬೇಸಿಗೆಯ ಅಗೆತಕ್ಕೆ ಮೊದಲು ಗುದ್ದಲಿ, ಪಿಕಾಸಿ, ಕುಂಟೆಯ ಕುಡ ಎಲ್ಲವನ್ನೂ ಹಣಿಸಿಕೊಂಡು ಬರಬೇಕು. ವರ್ಷದ ಸುಗ್ಗಿಯಲ್ಲಿ ಅವರ ಪಾಲಿನ ಕಾಳು ಅವರಿಗೆ ಮುಟ್ಟುತ್ತಿತ್ತು. ಜ್ಞಾನಪೀಠ ಪುರಸ್ಕೃತ ಚಂದ್ರಶೇಖರ ಕಂಬಾರರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವರು ಎಂಬುದು ನಿಮಗೆಲ್ಲ ಗೊತ್ತು. ಅವರ ಮನೆತನದ ಹೆಸರಿನಲ್ಲಿಯೇ ಆ ಕುಲುಮೆ ಇದೆ.

ಹುಲ್ಲಿನೊಡನೆ ಹೋರಾಟ ನಮ್ಮೊಬ್ಬರದೇ ಆಗಿರಲಿಲ್ಲ. ಮಧ್ಯ ಭಾರತದಲ್ಲಿ ಕಾಂಸ್ ಎಂಬ ಆಳಬೇರಿನ ಹುಲ್ಲು ಲಕ್ಷಾಂತರ ಎಕರೆ ನುಂಗಿತ್ತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1949ರಲ್ಲಿ, ಭಾರತ ಸರಕಾರ ವಿಶ್ವ ಬ್ಯಾಂಕಿನಿಂದ 1 ಕೋಟಿ ಡಾಲರ್ ಸಾಲ ಪಡೆದದ್ದು ಆ ಹುಲ್ಲು ಕೀಳುವ ದೊಡ್ಡ ಟ್ರ್ಯಾಕ್ಟರುಗಳಿಗಾಗಿ. ಒಂದು ಹುಲ್ಲಿನ ಬೇರು ದೇಶವನ್ನೇ ಸಾಲಕ್ಕೆ ಹೋಗುವಂತೆ ಮಾಡಿತು ಎಂದು ತರಗತಿಯಲ್ಲಿ ಹೇಳಿದರೆ ಹಿಂದಿನ ಬೆಂಚಿನವರೂ ಕಿವಿಗೊಡುತ್ತಿದ್ದರು. 1965ರಲ್ಲಿ ಅನ್ನದ ಕೊರತೆ ಮತ್ತು ಯುದ್ಧ ಕೂಡಿ ಬಂದಾಗ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ದಿಲ್ಲಿಯ ತಮ್ಮ ನಿವಾಸದ ಹುಲ್ಲುಹಾಸನ್ನೇ ಉತ್ತರು. ಮನೆಮನೆಯ ಹಿತ್ತಲಲ್ಲಿ ಕಾಯಿಪಲ್ಲೆ ಬೆಳೆಯಿರಿ ಎಂದು ಅವರು ಕರೆ ಕೊಟ್ಟಾಗ ನಮ್ಮೂರಲ್ಲಿಯೂ ಕೆಲವು ಅಂಗಳಗಳು ಮಡಿಗಳಾದವು.

ಶಾಲೆಯ ತೋಟದ ಮಾತು ಬಾರದೆ ಹೋದರೆ ನೀವು ನನ್ನನ್ನು ಬಿಡಲಾರಿರಿ. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ವರದಿ ಕೊಟ್ಟ ಮೇಲೆ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂಬ ವಿಷಯ ಶಾಲೆಗಳಿಗೆ ಬಂದಿತು. ನಮ್ಮ ಪ್ರೌಢಶಾಲೆಯ ಹಿಂದೆ ಕಾಲುವೆಯ ದಿಬ್ಬದವರೆಗೆ ಆರು ಗುಂಟೆ ಬೀಳು ಇತ್ತು. ವಾರ್ಷಿಕ ಪರೀಕ್ಷೆಗೆ ಮೊದಲಿನ ಆ ಫಾಲ್ಗುಣದಲ್ಲಿ ಒಂಬತ್ತನೆಯ ತರಗತಿಯವರನ್ನು ಕರೆದುಕೊಂಡು ಹೋಗಿ ಗುದ್ದಲಿ ಹಾಕಿಸಿದೆ. ಮೊದಲ ದಿನ ಗುದ್ದಲಿಯೇ ಚಿಮ್ಮಿ ಹಿಂದೆ ಬಂತು. “ಸರ, ಇದು ಹೊಲಾ ಅಲ್ರೀ, ಕರಕಿ ಗಾದಿ ಐತ್ರಿ” ಎಂದು ಒಬ್ಬ ನಗಿಸಿದ. ಆಗ ಒಬ್ಬ ಹುಡುಗಿ ಮುಂದೆ ಬಂದು, ಮೇಲಿಂದ ಹೊಡೆಯಬಾರದು, ಮೊದಲು ಅಂಚಿನಲ್ಲಿ ಒಂದು ಚರ ತೋಡಿಕೊಂಡು ಅದರ ಗೋಡೆಯನ್ನು ಕೆಡವುತ್ತ ಹೋಗಬೇಕು ಎಂದು ತೋರಿಸಿಕೊಟ್ಟಳು. ಅವಳ ತಂದೆ ಮಣ್ಣಿನ ಕೆಲಸದವರು. ತರಗತಿಯಲ್ಲಿ ಬಾಯಿ ತೆರೆಯದ ಹುಡುಗಿ ಆ ದಿನ ನಲವತ್ತು ಜನರಿಗೆ ಗುರುವಾದಳು. ಮುಂದಿನ ಮಳೆಗಾಲದಲ್ಲಿ ಅಲ್ಲಿ ಬೆಂಡೆ, ಚವಳಿ, ಹೀರೆ ಬೆಳೆದವು. ಇಂಗ್ಲೆಂಡಿನಲ್ಲಿ ಅಗೆಯುತ್ತಿರುವವನೂ ಆ ನಲವತ್ತರಲ್ಲಿ ಒಬ್ಬ. ಮರೆತಿದ್ದರೆ ಈಗ ನೆನಪು ಮಾಡಿಕೊಳ್ಳಲಿ: ಮೊದಲು ಚರ, ಆಮೇಲೆ ಅಗೆತ.

ಅದೇ ವರ್ಷಗಳಲ್ಲಿ ಹುಕ್ಕೇರಿ ತಾಲ್ಲೂಕಿನಲ್ಲಿ ಇನ್ನೊಂದು ಬಗೆಯ ಅಗೆತ ನಡೆದಿತ್ತು. ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟು 1977ರಲ್ಲಿ ಪೂರ್ಣಗೊಂಡಿತು. 51 ಟಿಎಂಸಿ ನೀರು ಹಿಡಿಯುವ ಆ ಜಲಾಶಯಕ್ಕೆ ವಿದ್ಯಾದಾನಿ ವಂಟಮುರಿಯ ರಾಜಾ ಲಖಮಗೌಡರ ಹೆಸರಿದೆ. ಅದು ಸಲ್ಲತಕ್ಕ ಗೌರವ. ಆ ನೀರಿನ ಕೆಳಗೆ ತಲೆಮಾರುಗಳ ಕಾಲ ಹಸನು ಮಾಡಿದ ಹೊಲಗಳಿವೆ. ಹುನ್ನೂರಿನ ವಿಠ್ಠಲನ ಗುಡಿ ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆದ್ದು ಕಾಣುತ್ತದೆ. ಜನ ನೋಡಲು ಹೋಗುತ್ತಾರೆ, ಕೈಮುಗಿಯುತ್ತಾರೆ. ಗುಡಿಯ ಸುತ್ತಲಿನ ಹೊಲದ ಬದುಗಳನ್ನು ಯಾರೂ ಹುಡುಕುವುದಿಲ್ಲ. ಮುಳುಗಡೆಯ ಊರುಗಳಿಂದ ಎದ್ದು ಬಂದವರು ಬೇರೆ ಕಡೆ ಹೊಸ ನೆಲದಲ್ಲಿ ಮೊದಲಿನಿಂದ ಶುರುಮಾಡಬೇಕಾಯಿತು. ಹಿಂದಿನ ಹೊಲ ನದಿದಂಡೆಯ ಮೆಕ್ಕಲು, ಸಿಕ್ಕ ನೆಲ ಮೊರಡಿ. ಅಂಥ ಮನೆಯಿಂದ ಬಂದ ವಿದ್ಯಾರ್ಥಿಯೊಬ್ಬ ಬೇಸಿಗೆಯ ರಜೆ ಮುಗಿಸಿ ಬಂದಾಗ ಅಂಗೈ ತೋರಿಸಿದ್ದ. ಗುಳ್ಳೆ ಒಡೆದು ಗಟ್ಟಿಯಾಗಿದ್ದವು. “ಕಲ್ಲ ಆರಿಸಿದ್ವಿ ಸರ, ಮಣ್ಣು ಇನ್ನೂ ಸಿಕ್ಕಿಲ್ಲ” ಎಂದ. ನಮ್ಮ ಹೊಲಕ್ಕೆ ಬೇಸಿಗೆಯಲ್ಲಿ ಬರುವ ನೀರಿನ ಬೆಲೆಯಲ್ಲಿ ಆ ಅಂಗೈಯ ಪಾಲೂ ಸೇರಿದೆ.

ಇನ್ನು ನಮ್ಮ ಕಾಲದ ಸಂಕಟಕ್ಕೆ ಬರುತ್ತೇನೆ. ಎರೆನೆಲಕ್ಕೆ ವರ್ಷವಿಡೀ ನೀರು ಕೊಟ್ಟು, ಅದು ಬಸಿದು ಹೋಗಲು ದಾರಿ ಮಾಡದಿದ್ದರೆ ನೆಲದೊಳಗಿನ ನೀರಿನ ಮಟ್ಟ ಏರುತ್ತದೆ. ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಆ ನೀರು ಮೇಲಕ್ಕೇರಿ ಆವಿಯಾಗುತ್ತದೆ, ಅದರಲ್ಲಿ ಕರಗಿದ್ದ ಉಪ್ಪು ಮೇಲೆಯೇ ಉಳಿಯುತ್ತದೆ. ಇದೇ ಸವಳು. ನೀರು ನಿಂತು ಬೇರು ಕೊಳೆಯುವುದು ಜವಳು. ಘಟಪ್ರಭೆಯ ಅಚ್ಚುಕಟ್ಟಿನಲ್ಲಿ ಸವಳು ಜವಳಿಗೆ ತುತ್ತಾದ ಹೊಲ ಬಹಳವಿದೆ. ಬೇಸಿಗೆಯಲ್ಲಿ ನೋಡಿದರೆ ಮೇಲೆ ಸುಣ್ಣ ಚೆಲ್ಲಿದಂತೆ ಬೆಳ್ಳಗಾಗಿರುತ್ತದೆ. ಇದರ ಮೇಲೆ 2019ರ ಆಗಸ್ಟ್ ತಿಂಗಳ ಮಹಾಪೂರ ಬಂದು ಗೋಕಾಕ, ಮೂಡಲಗಿಯ ನದಿದಂಡೆಯ ಹೊಲಗಳನ್ನು ಕೆಡಿಸಿತು. ಮರಳು, ರಾಡಿ ಎತ್ತಿಹಾಕಿ ಎಷ್ಟೋ ಮನೆಯವರು ಅಜ್ಜನ ಕಾಲದ ಹೊಲವನ್ನು ಮತ್ತೆ ಹೊಸದಾಗಿ ಅಗೆದರು.

ನಮ್ಮ ಕೆಳಗಿನ 14 ಗುಂಟೆ ಕೆಲವು ವರ್ಷಗಳಿಂದ ಸವಳಾಗಿದೆ. ಕಬ್ಬು ಮೊಳಕೈ ಎತ್ತರಕ್ಕೆ ಬಂದು ಹಳದಿಯಾಗಿ ನಿಲ್ಲುತ್ತದೆ. ಎನ್.ಎ. ಮಾಡಿಸಿ ಪ್ಲಾಟ್ ಹಾಕಿ ಮಾರಿಬಿಡೋಣ ಎಂದು ನಮ್ಮ ಅಣ್ಣತಮ್ಮಂದಿರ ಮಕ್ಕಳಲ್ಲಿ ಕೆಲವರು ಹೇಳುತ್ತಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಪುಣೆ, ಬೆಂಗಳೂರುಗಳಲ್ಲಿ ಇರುವವರಿಗೆ ಮನೆಯ ಸಾಲವಿದೆ, ಮಕ್ಕಳ ಓದಿನ ಖರ್ಚಿದೆ, ಬೆಳೆಯದ ನೆಲದಿಂದ ಕವಡೆಯೂ ಬರುವುದಿಲ್ಲ. ಹೊಲದಲ್ಲಿ ದುಡಿಯದವನು ದುಡಿದವರ ಮಕ್ಕಳಿಗೆ ಉಪದೇಶ ಮಾಡಬಾರದೆಂಬ ಮಾತೂ ನನಗೆ ಅನ್ವಯಿಸುತ್ತದೆ. ನಾನು ಸೀಮೆಸುಣ್ಣ ಹಿಡಿದು ಬದುಕಿದವನು.

ಆದರೂ ತೀರ್ಮಾನಕ್ಕೆ ಮೊದಲು ಎರಡು ಸಂಗತಿ ತಿಳಿದಿರಲಿ. ಸವಳು ಸಾವಲ್ಲ. ಹೊಲದ ಕೆಳ ಅಂಚಿನಲ್ಲಿ ಆಳವಾದ ಬಸಿಗಾಲುವೆ ತೋಡಿ ನೀರಿಗೆ ಹಳ್ಳದ ಕಡೆಗೆ ದಾರಿ ಮಾಡಿದರೆ, ನೆಲದೊಳಗಿನ ನೀರು ಇಳಿಯುತ್ತದೆ. ಆಮೇಲೆ ಮಳೆಯ ಮತ್ತು ಕಾಲುವೆಯ ಸಿಹಿನೀರು ನಿಲ್ಲಿಸಿ ಬಸಿದರೆ ಉಪ್ಪು ತೊಳೆದು ಹೋಗುತ್ತದೆ. ಮಣ್ಣು ಪರೀಕ್ಷೆಯಲ್ಲಿ ಸೋಡಿಯಂ ಹೆಚ್ಚೆಂದು ಬಂದರೆ ಜಿಪ್ಸಂ ಹಾಕಬೇಕು, ಡಯಾಂಚ ಬಿತ್ತಿ ಹೂಬಿಡುವಾಗ ಮಣ್ಣಿಗೆ ಸೇರಿಸಬೇಕು. ಬಸಿಗಾಲುವೆ ಇಲ್ಲದೆ ಬರಿಯ ಜಿಪ್ಸಂ ಹಾಕಿದರೆ ಹಣ ಹಾಳು. ಅರಭಾವಿಯಲ್ಲಿ ತೋಟಗಾರಿಕೆ ಮಹಾವಿದ್ಯಾಲಯವೇ ಇದೆ. ಕೇಳಿ ತಿಳಿಯಲು ದೂರ ಹೋಗಬೇಕಾಗಿಲ್ಲ. ಬಸಿಗಾಲುವೆ ಹಳ್ಳ ಮುಟ್ಟಬೇಕಾದರೆ ಕೆಳಗಿನ ಇಬ್ಬರು ಹೊಲದವರ ಒಪ್ಪಿಗೆ ಬೇಕು. ಅವರ ಹೊಲವೂ ಬೆಳ್ಳಗಾಗುತ್ತಿದೆ. ಆದುದರಿಂದ ಮೂವರೂ ಕೂಡಿ ತೋಡಿಸಿದರೆ ಮೂವರಿಗೂ ಲಾಭ. ಅವರೊಡನೆ ಮಾತಾಡುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ. ಅವರಿಬ್ಬರೂ ನನ್ನ ವಿದ್ಯಾರ್ಥಿಗಳೇ.

ಎರಡನೆಯ ಸಂಗತಿ ಲೆಕ್ಕದ್ದು. 14 ಗುಂಟೆ ಎಂದರೆ 154 ಬ್ರಾಸ್, ಸುಮಾರು 560 ಟನ್ ಮಣ್ಣು. ಅಷ್ಟನ್ನು ನಾಲ್ಕು ಗುದ್ದಲಿ ಮತ್ತು ಒಂದು ಬೇರಿನ ಬುಟ್ಟಿಯಿಂದ ನಮ್ಮ ಮನೆಯ ಐವರು ಮಗುಚಿದರು. ಉತಾರದಲ್ಲಿ ಇರುವುದು ಮುತ್ಯಾನ ಹೆಸರು, ಆಮೇಲೆ ಅಪ್ಪ ಮತ್ತು ಕಾಕಾಗಳ ಹೆಸರು. ಆಯಿಯ ಹೆಸರು ಯಾವ ಕಾಗದದಲ್ಲಿಯೂ ಇಲ್ಲ. ಮಾರುವುದೇ ಆದರೂ, ಏನನ್ನು ಮಾರುತ್ತಿದ್ದೇವೆಂಬುದು ಸಹಿ ಹಾಕುವವರಿಗೆ ಗೊತ್ತಿರಲಿ ಎಂಬುದಷ್ಟೇ ನನ್ನ ಬಯಕೆ. ಬಸವ ಜಯಂತಿಗೆ ಎಲ್ಲರೂ ಊರಿಗೆ ಬರುವವರಿದ್ದೀರಿ. ಮಾರುವ ಮಾತಿಗೆ ಕೂಡ್ರುವ ಮೊದಲು ಒಂದು ಬೆಳಗ್ಗೆ ಹೊಲದ ಕೆಳ ಅಂಚಿಗೆ ಹೋಗೋಣ. ಮೂರು ಅಡಿ ಆಳದ ಒಂದು ತಗ್ಗು ತೋಡಿ ನೀರು ಎಷ್ಟು ಆಳದಲ್ಲಿದೆ ನೋಡೋಣ. ತೀರ್ಮಾನವನ್ನು ಆ ತಗ್ಗಿನ ದಂಡೆಯ ಮೇಲೆ ನಿಂತು ಮಾಡೋಣ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಹೊಲವನ್ನೋ ಹಿತ್ತಲನ್ನೋ ಮೊದಲು ಅಗೆದವರು ಯಾರು, ಯಾವ ವರ್ಷ, ಜೊತೆಗೆ ಬೇರು ಆರಿಸಿದ ಹೆಣ್ಣುಮಕ್ಕಳು ಯಾರು ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ, ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿಯೇ ಇಟ್ಟುಕೊಳ್ಳಿ. ಎಂಬತ್ತು ದಾಟಿದವರು ಇರುವಾಗಲೇ ಕೇಳಿ.